ಟ್ರ್ಯಾಕ್ಟರ್ ತಿಪ್ಪವ್ವ ಸಣ್ಣಗಾದ ವರ್ಷ

ನಾಟಕ ಕಂಪನಿ ಬಿಡಾರ, ಬ್ಯಾಡಗಿ
೧೧ ಫೆಬ್ರುವರಿ ೨೦೨೪

ನಾಗೂ,

ನಿನಗೂ ಅಳಿಯಂದಿರಿಗೂ ಅವ್ವನ ಆಶೀರ್ವಾದ.

ಜಂಪರ್ ಕುಪ್ಪಸದ ಗಂಟಿನೊಳಗೆ ಕಾಗದ ಕಂಡು ಗಾಬರಿಯಾಗಬೇಡ. ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು “ಗಿರಾಕಿ ಬಂದಾರ, ಇಡ್ತೇನವ್ವಾ” ಅನ್ನುತ್ತೀ. ಇವತ್ತು ಹೇಳಬೇಕಾದದ್ದು ಬಹಳ ಇದೆ. ಹಾವೇರಿ ಬಸ್ಸಿನ ಕಂಡಕ್ಟರ್ ನಮ್ಮ ನಾಟಕದ ಹುಚ್ಚಿನವನು. ಗಂಟನ್ನು ನಿನ್ನ ಹೊಲಿಗೆ ಅಂಗಡಿಗೇ ಮುಟ್ಟಿಸುತ್ತೇನೆ ಅಂದಿದ್ದಾನೆ.

ನನ್ನ ಕೆಮ್ಮಿಗೆ ಕಾರಣ ಸಿಕ್ಕಿತು! ಮೆಣಸಿನಕಾಯಿ ಅಲ್ಲವಂತೆ. ಈ ಸುಗ್ಗಿಯಲ್ಲಿ ಬ್ಯಾಡಗಿಯಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳು. ಮಾರುಕಟ್ಟೆ ಕಡೆಯಿಂದ ಗಾಳಿ ಬೀಸಿದರೆ ಪ್ರೇಕ್ಷಕರು ಕೆಮ್ಮುತ್ತಾರೆ, ಹಾರ್ಮೋನಿಯಂನವನು ಕೆಮ್ಮುತ್ತಾನೆ, ದೇಸಾಯಿ ಪಾರ್ಟಿನವನು ಮೀಸೆ ತಿರುವುತ್ತಲೇ ಸೀನುತ್ತಾನೆ. ನನ್ನದೂ ಅದೇ ಅಂದುಕೊಂಡಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಟ್ರಂಕಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದೆ. ಕಾಲು ಬಾತು ಚಪ್ಪಲಿ ಹಿಡಿಯದಾಯಿತು. ಸ್ಟೇಜಿನ ಮೇಲೆ ನನ್ನ ಗಂಡನ ಪಾರ್ಟು ಮಾಡುವ ಕಡ್ಡಿಯಂಥ ದಿಲಾವರ ಒಂದು ದಿನ ನನ್ನ ಕಾಲನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಬಿದ್ದ ಕುಳಿ ಮೇಲೇಳಲಿಲ್ಲ. “ಅಕ್ಕಾ, ಇದು ಮೆಣಸಿನಕಾಯಿ ಘಾಟಲ್ಲ. ನಡೀರಿ ಹುಬ್ಬಳ್ಳಿಗೆ” ಎಂದು ಹಟ ಹಿಡಿದ.

ದವಾಖಾನೆಯ ಡಾಕ್ಟರು ನಿನ್ನ ವಯಸ್ಸಿನ ಹೆಣ್ಣುಮಗಳು. “ನಿಮ್ಮ ಹಾರ್ಟ್ ಹಿಗ್ಗೇತ್ರಿ. ರಕ್ತ ದಬ್ಬೂ ಶಕ್ತಿ ಕಡಿಮಿ ಆಗೇತಿ” ಅಂದಳು. ಗುಳಿಗೆ ಬದುಕಿರುವವರೆಗೂ ತಪ್ಪಿಸುವಂತಿಲ್ಲ. ಉಪ್ಪು ಕಡಿಮೆ, ನೀರು ಅಳತೆಯಲ್ಲಿ. ಆಮೇಲೆ ನನ್ನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ನೂರಾ ನಾಲ್ಕು ಕೆಜಿ! ಏನಿಲ್ಲವೆಂದರೂ ಹದಿನೈದು ಇಳಿಯಬೇಕಂತೆ.

ನಾನು ನಕ್ಕುಬಿಟ್ಟೆ. “ಡಾಕ್ಟರಮ್ಮಾ, ನಾ ಟ್ರ್ಯಾಕ್ಟರ್ ತಿಪ್ಪವ್ವನ ಪಾರ್ಟ್ ಮಾಡಾಕಿ ಅದೇನ್ರಿ. ನಾ ನಡದ್ರ ತಬಲಾದಂವ ಧಡಕ್ ಧಡಕ್ ಅಂತ ಬಾರಸ್ತಾನ. ಕುಂತ್ರ ಹೊರಸು ಮುರೀತೈತಿ, ಜನಾ ಸೀಟಿ ಹೊಡೀತಾರ. ಇಪ್ಪತ್ತೈದ ವರ್ಷ ಈ ಮೈನ ನನಗ ಅನ್ನ ಹಾಕೇತಿ” ಅಂದೆ.

ಆಕೆ ಪೆನ್ನು ಕೆಳಗಿಟ್ಟಳು. “ಸಣ್ಣಾಕಿದ್ದಾಗ ನಿಮ್ಮ ನಾಟಕ ನೋಡೇನ್ರಿ. ಇನ್ನೂ ಇಪ್ಪತ್ತೈದ ವರ್ಷ ಜನಾ ನೋಡ್ಲಿ ಅಂತನ ಹೇಳಾಕತ್ತೇನಿ” ಅಂದಳು.

ನಾಗೂ, ಆ ಮಾತು ಕೇಳಿದಾಗಿನಿಂದ ನನ್ನ ಕಾಲು ನೆಲದ ಮೇಲಿಲ್ಲ. ನಾನು ಇಳಿಸಿಯೇ ತೀರುತ್ತೇನೆ, ನೋಡುತ್ತಿರು! ಅಲ್ಲಿಯವರೆಗೆ ಈ ಎರಡು ಜಂಪರ್‌ಗಳನ್ನು ಕಂಕುಳಲ್ಲಿ ಸ್ವಲ್ಪ ಬಿಡಿಸಿ ಕಳಿಸು.

ನಿನ್ನ ಅವ್ವ,
ದ್ರಾಕ್ಷಾಯಿಣಿ


ಹಾವೇರಿ
೧೫ ಫೆಬ್ರುವರಿ ೨೦೨೪

ಅವ್ವನಿಗೆ ನಾಗಲಕ್ಷ್ಮಿಯ ನಮಸ್ಕಾರ.

ಬ್ಯಾಡಗಿಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತದೆ. ಹೋಗುವಾಗಲೂ ಬರುವಾಗಲೂ ನೀನು ಆ ಬಸ್ಸಿನೊಳಗೆ ಕೂತಿದ್ದೆ. ನನ್ನ ಅಂಗಡಿ ಅಲ್ಲಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಯಾಕೆ ಇಳಿಯಲಿಲ್ಲ ಎಂದು ನಾನು ಕೇಳುವುದಿಲ್ಲ.

ಜಂಪರ್ ಬಿಡಿಸಿದ್ದೇನೆ. ಒಳಗೆ ಕಚ್ಚಾ ಹೊಲಿಗೆ ಹಾಕಿದ್ದೇನೆ. ನೀನು ಇಳಿದಂತೆ ಮತ್ತೆ ಹಿಡಿದು ಹೊಲಿಯಬಹುದು.

ಅವ್ವಾ, ಆಟ ಮುಗಿದ ಮೇಲೆ ನೀವೆಲ್ಲ ತಿನ್ನುವ ಮಿರ್ಚಿ, ಮಂಡಕ್ಕಿ ಬಿಡು. ಹಪ್ಪಳ, ಉಪ್ಪಿನಕಾಯಿ ಬಿಡು. ಡಾಕ್ಟರ್ ಹೇಳಿದ್ದನ್ನು ಹೇಳಿದ ಹಾಗೆ ಮಾಡು. ನಿನಗೆ ಯಾವುದನ್ನು ಮಾಡಿದರೂ ಜನ ಚಪ್ಪಾಳೆ ತಟ್ಟುವಷ್ಟು ಮಾಡುವ ಚಾಳಿ. ಇದರಲ್ಲಿ ಅದು ಬೇಡ.

ಹಾವೇರಿಗೆ ಬಂದು ನಾಲ್ಕು ದಿನ ಇರು ಎಂದು ಬರೆಯಬೇಕೆಂದಿದ್ದೆ. ಮನೆಯಲ್ಲಿ ಅತ್ತೆಯನ್ನು ಒಂದು ಮಾತು ಕೇಳಿ ಬರೆಯುತ್ತೇನೆ.

ನಾಗಲಕ್ಷ್ಮಿ


ಬ್ಯಾಡಗಿ
೧೦ ಮಾರ್ಚ್ ೨೦೨೪

ನನ್ನ ನಾಗೂ,

ಕೂತು ಓದು. ಏಳು ಕೆಜಿ! ಕಿರಾಣಿ ಅಂಗಡಿಯ ಕಾಟಾದ ಮೇಲೆ ನಿಂತು ನೋಡಿದೆ. ನಂಬಿಕೆ ಬರದೆ ಇಳಿದು ಮತ್ತೆ ಹತ್ತಿದೆ. ಅಂಗಡಿಯವನು “ಕಾಟಾ ಸರೀ ಐತ್ರಿ ಯಕ್ಕಾ, ನೀವ ಸರೀ ಇಲ್ಲ” ಎಂದು ನಕ್ಕ.

ಹೇಗೆ ಅನ್ನುತ್ತೀಯಾ? ಮುಂಜಾನೆ ಒಂದು ಪೇರಲ ಹಣ್ಣು, ಸಂಜೆ ಬಣ್ಣ ಹಚ್ಚುವ ಮೊದಲು ಒಂದು ಲೋಟ ಸಪ್ಪನ ಮಜ್ಜಿಗೆ. ಅಷ್ಟೇ! ಹಸಿವು ಮೊದಲು ಕಾಡಿತು, ಈಗ ಅದಕ್ಕೂ ಬೇಸರ ಬಂದಿದೆ. ಇನ್ನೊಂದು ಉಪಾಯವನ್ನೂ ಕಂಡುಹಿಡಿದಿದ್ದೇನೆ. ಮೈಯಲ್ಲಿ ನಿಂತ ನೀರು ಇಳಿಯಲಿ ಎಂದು ಡಾಕ್ಟರ್ ಕೊಟ್ಟ ಗುಳಿಗೆ ಇದೆಯಲ್ಲ, ಒಂದಕ್ಕೇ ಇಷ್ಟು ಗುಣವಿದ್ದರೆ ಎರಡಕ್ಕೆ ಎಷ್ಟಿರಬೇಡ! ದಿಲಾವರನಿಗೆ ಹೇಳಿಲ್ಲ. ಅವನ ಹೆಂಡತಿ ಅಮೀರಬಿ ಕಂಪನಿಯ ಅಡಿಗೆಯವಳು. ನನ್ನ ತಾಟಿನಲ್ಲಿ ರೊಟ್ಟಿ ಉಳಿದದ್ದನ್ನು ನೋಡಿ ಮುಖ ಸಣ್ಣದು ಮಾಡುತ್ತಾಳೆ, ಪಾಪ.

ಆಗಾಗ ಮೀನಖಂಡ ಸೆಳೆದು ಗಂಟು ಹಾಕಿದಂತಾಗುತ್ತದೆ. ಎದೆಯಲ್ಲಿ ಪಾರಿವಾಳ ರೆಕ್ಕೆ ಬಡಿದ ಹಾಗೆ. ಇಳಿಯುವ ಸಂತೋಷಕ್ಕೆ ಇರಬೇಕು.

ಅತ್ತೆಯವರನ್ನು ಕೇಳುತ್ತೇನೆ ಎಂದು ನೀನು ಬರೆದಿದ್ದೆಯಲ್ಲ. ಅವಸರವಿಲ್ಲ. ನಾನು ತೆಳ್ಳಗಾಗಿ, ಲಕ್ಷಣವಾಗಿ ಬರುತ್ತೇನೆ. ಆಗ ನೀನು ಯಾರೆದುರಿಗಾದರೂ ನಿಲ್ಲಿಸು.

ಅವ್ವ


ಬ್ಯಾಡಗಿ
೨೬ ಮಾರ್ಚ್ ೨೦೨೪

ನಾಗಲಕ್ಷ್ಮಿಗೆ ದಿಲಾವರ ಮಾಮಾನ ಸಲಾಮು.

ಆಸ್ಪತ್ರೆಯಿಂದ ಊರಿಗೆ ಹೊರಡುವಾಗ ನೀನು “ಮಾಮಾ, ಖರೇ ಹೇಳ್ರಿ, ಅವತ್ತ ಏನಾತು?” ಎಂದು ಕೇಳಿದೆ. ನಿನ್ನ ಅವ್ವ ಕಣ್ಣು ಮುಚ್ಚಿಕೊಂಡು ಕಿವಿ ತೆರೆದುಕೊಂಡು ಮಲಗಿದ್ದಳು. “ಕಾಲು ಜಾರ್ತವಾ” ಅಂದುಬಿಟ್ಟೆ. ಬಿಡಾರಕ್ಕೆ ಬಂದು ಫೋನು ಮಾಡೋಣವೆಂದರೆ ನಮ್ಮ ಕೋಣೆಗಳ ನಡುವೆ ಇರುವುದು ಬರೀ ಪರದೆ, ಅವಳಿಗೆ ಕೇಳುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ.

ರವಿವಾರದ ಸಂಜೆಯ ಆಟ. ಕುರ್ಚಿ ಸಾಲದೆ ಜನ ಬದಿಗೆ ನಿಂತಿದ್ದರು. ತಿಪ್ಪವ್ವ ಒನಕೆ ಹಿಡಿದು ಗಂಡನನ್ನು ಅಟ್ಟಿಸಿಕೊಂಡು ಬರುವ ಸೀನು. ನಾನು ಹೊರಸಿನ ಕೆಳಗೆ ನುಗ್ಗುತ್ತೇನೆ, ಅವಳು ಹೊರಸಿನ ಮೇಲೆ ಕೂಡುತ್ತಾಳೆ, ಅದು ಮುರಿಯುತ್ತದೆ. ಅವತ್ತು ಅವಳು ಹೊರಸಿನವರೆಗೆ ಬರಲಿಲ್ಲ. ನಡುವೆಯೇ ಒನಕೆ ಕೈಯಿಂದ ಜಾರಿತು. ಅವಳೂ ಬಿದ್ದಳು. ತಬಲಾದವನು ರೂಢಿಯಂತೆ ಧಡಾಕ್ ಎಂದು ಬಾರಿಸಿದ. ಜನ ಎದ್ದು ನಿಂತು ಸೀಟಿ ಹೊಡೆದರು. “ಒನ್ಸ್ ಮೋರ್” ಎಂದು ಕೂಗಿದರು.

ನಾನು ಹೊರಸಿನ ಕೆಳಗಿನಿಂದ ನೋಡುತ್ತಿದ್ದೆ. ಅಕ್ಕನ ಕಣ್ಣು ತೆರೆದಿತ್ತು, ನನ್ನನ್ನು ನೋಡುತ್ತಿರಲಿಲ್ಲ. “ಪರದೆ ಎಳೀರಿ! ಪರದೆ ಎಳೀರ್ಲೇ!” ಎಂದು ಚೀರಿದೆ. ಗಂಡ ಹೆಂಡತಿಗೆ ಹೆದರಿ ಚೀರುತ್ತಿದ್ದಾನೆ ಎಂದು ಜನ ಅದಕ್ಕೂ ನಕ್ಕರು. ಜನರ ನಗು ಕೇಳಿ ಹೊಟ್ಟೆ ತುಂಬಿಸಿಕೊಂಡವನು ನಾನು, ತಂಗಿ. ಆ ನಗುವಿಗೆ ನಾನು ಹೆದರಿದ್ದು ಅವತ್ತೊಂದೇ ದಿನ.

ಉಳಿದದ್ದನ್ನು ಡಾಕ್ಟರ್ ನಿನಗೇ ಹೇಳಿದ್ದಾರೆ. ಉಪವಾಸ, ಎರಡೆರಡು ಗುಳಿಗೆ, ಮೈಯೊಳಗಿನ ಲವಣವೆಲ್ಲ ಹರಿದುಹೋಗಿ ಎದೆಬಡಿತ ಲಯ ತಪ್ಪಿದ್ದು. “ಇಳದದ್ದು ಕೊಬ್ಬಲ್ರಿ, ಬರೇ ನೀರು, ಕಸುವು” ಅಂದರಲ್ಲ, ಆಗ ಅಕ್ಕನ ಮುಖ ನೋಡಬೇಕಿತ್ತು. ಬಿದ್ದದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ನೋವಾದಂತಿತ್ತು.

ಈಗ ನಮ್ಮ ಅಮೀರಬಿ ಸೊಂಟ ಕಟ್ಟಿ ನಿಂತಿದ್ದಾಳೆ. “ಈ ಬಿಡಾರದಾಗ ರೋಜಾ ಹಿಡಿಯಾಕಿ ನಾ ಒಬ್ಬಾಕಿ ಸಾಕು. ಅಕ್ಕ ಉಣಬೇಕು, ನನ್ನ ಕಣ್ಣ ಮುಂದ ಉಣಬೇಕು” ಅನ್ನುತ್ತಿದ್ದಾಳೆ. ಗುಳಿಗೆಯ ಡಬ್ಬಿಯನ್ನೂ ಅವಳೇ ಇಟ್ಟುಕೊಂಡಿದ್ದಾಳೆ. ನೀನು ಚಿಂತೆ ಬಿಡು.

ನಿನ್ನ ಮಾಮಾ,
ದಿಲಾವರ


ಹಾವೇರಿ
೩೧ ಮಾರ್ಚ್ ೨೦೨೪

ಅವ್ವಾ,

ಕಾಲು ಜಾರಿತು ಅಂದರಲ್ಲ ಮಾಮಾ, ನಂಬಿದ್ದೇನೆ. ಎರಡೆರಡು ಗುಳಿಗೆಯ ಮಾತು ಬರೆದ ನಿನ್ನ ಕಾಗದ ನನ್ನ ಕೈ ಸೇರಿದ್ದು ನೀನು ಬಿದ್ದ ಮೇಲೆ.

ತೂಕದ ಯಂತ್ರ ಕಳಿಸಿದ್ದೇನೆ. ಮುಂಜಾನೆ ಎದ್ದ ಕೂಡಲೇ ನಿಲ್ಲು. ತಟ್ಟನೆ ಏರಿದರೆ ಅದು ನೀರು, ಡಾಕ್ಟರಿಗೆ ಫೋನು ಮಾಡಬೇಕು. ತಟ್ಟನೆ ಇಳಿದರೂ ಫೋನು ಮಾಡಬೇಕು. ತಿಂಗಳಿಗೆ ಎರಡು ಕೆಜಿ ಇಳಿದರೆ ಸಾಕಂತೆ. ನಿಧಾನವಾಗಿ ಹೊಲಿದ ಹೊಲಿಗೆ ಬಿಚ್ಚುವುದಿಲ್ಲ.

ಆಸ್ಪತ್ರೆಯಲ್ಲಿ ನಿನ್ನ ಕೈ ಹಿಡಿದುಕೊಂಡು ಕೂತಿದ್ದಾಗ ಏನೇನೋ ಹೇಳಬೇಕೆಂದಿದ್ದೆ. ನೀನು ನಿದ್ದೆಯಲ್ಲಿದ್ದೆ.

ನಾಗಲಕ್ಷ್ಮಿ


ರಾಣೆಬೆನ್ನೂರು
೯ ಜೂನ್ ೨೦೨೪

ನಾಗೂ,

ನಿದ್ದೆಯಲ್ಲಿರಲಿಲ್ಲ.

ಕಂಪನಿ ರಾಣೆಬೆನ್ನೂರಿಗೆ ಬಂದು ಡೇರೆ ಹಾಕಿದೆ. ಇಲ್ಲಿ ಎಲ್ಲವೂ ಸುಖ. ನಾನು ಉಣ್ಣುತ್ತಿದ್ದೇನೆ! ಉಂಡೂ ಇಳಿಯಬಹುದೆಂದು ನನಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಮುಂಜಾನೆ ಜೋಳದ ರೊಟ್ಟಿ, ಮೆಂತ್ಯ ಪಲ್ಯ. ಮಧ್ಯಾಹ್ನ ಮತ್ತೆ ರೊಟ್ಟಿ, ಮೊಳಕೆ ಹೆಸರು, ಸವತೆಕಾಯಿ, ಒಂದು ಹಿಡಿ ಅನ್ನ. ಆಟಕ್ಕೆ ಮೊದಲು ಒಂದು ಹಣ್ಣು. ಆಟ ಮುಗಿದ ಮೇಲೆ ಮಿರ್ಚಿಯ ಬದಲು ತೆಳ್ಳನೆಯ ಸಾರು, ಅರ್ಧ ರೊಟ್ಟಿ. ಎಣ್ಣೆ ಕಂಡೂ ಕಾಣದಷ್ಟು.

ಮೊದಲ ವಾರ ಸಪ್ಪನ ಪಲ್ಯ ಬಾಯಿಗಿಟ್ಟು ಅತ್ತುಬಿಟ್ಟೆ. ಅಮೀರಬಿ ಬೈಯಲಿಲ್ಲ. ಬೆಳ್ಳುಳ್ಳಿ ಹೆಚ್ಚಿಸಿದಳು, ಲಿಂಬೆ ಹಿಂಡಿದಳು, ಬ್ಯಾಡಗಿಯಿಂದ ತಂದಿದ್ದ ಮೆಣಸಿನಕಾಯಿ ಹುರಿದು ಹಾಕಿದಳು. ಬಣ್ಣ ನೋಡಿದರೇ ಬಾಯಲ್ಲಿ ನೀರು. “ನಾಲಿಗೀಗೆ ಸುಳ್ಳ ಹೇಳಾಕತ್ತೇನ್ರಿ ಅಕ್ಕಾ, ನೀವು ಗೊತ್ತಾಗ್ದಂಗ ಉಣ್ರಿ” ಅನ್ನುತ್ತಾಳೆ. ಈಗ ಹೊರಗಿನ ಚಟ್ನಿ ತಿಂದರೆ ನನಗೇ ಉಪ್ಪು ಕಹಿಯಾಗುತ್ತದೆ, ಆಶ್ಚರ್ಯ ನೋಡು. ಮಲಗಿದರೆ ಉಸಿರು ಕಟ್ಟುವುದಿಲ್ಲ. ಡೇರೆಯ ಸುತ್ತ ನಿಲ್ಲದೆ ನಡೆದುಬರುತ್ತೇನೆ, ಡಾಕ್ಟರ್ ಅಷ್ಟಕ್ಕೆ ಒಪ್ಪಿದ್ದಾರೆ.

ಈಗ ಒಂದು ಕೆಲಸದ ಮಾತು. ಮಾಲಕರು ಸಿದ್ದಲಿಂಗಪ್ಪನವರು ನಿನ್ನೆ ಕರೆದರು. ನಾನು ಬಿದ್ದಾಗಿನಿಂದ ತಿಪ್ಪವ್ವನ ನಾಟಕ ನಿಂತಿದೆ, ಮುಂದಿನ ತಿಂಗಳಿಂದ ಮತ್ತೆ ಶುರು. “ದ್ರಾಕ್ಷಾಯಿಣವ್ವಾ, ನಿಮ್ಮ ಜೀವ ದೊಡ್ಡದು, ಒಪ್ಪಿದೆ. ಆದ್ರ ತಿಪ್ಪವ್ವ ಸಣ್ಣಾದ್ರ ನಗಾವ್ರು ಯಾರ್ರಿ?” ಅಂದರು. ಅವರದೂ ತಪ್ಪಲ್ಲ, ಇಪ್ಪತ್ತು ಮನೆ ನಡೆಯಬೇಕು. ಹತ್ತಿ ತುಂಬಿದ ಹೊಟ್ಟೆ, ಸೊಂಟ, ತೋಳು ಕಟ್ಟಿಕೊಂಡರೆ ಹೇಗೆ ಎಂದರು. ನನ್ನ ಮೈ ಅಳತೆ ನಿನಗಿಂತ ಯಾರಿಗೆ ಗೊತ್ತು? ಒಂದು ಹೊಟ್ಟೆ ಹೊಲಿದುಕೊಡು ನಾಗೂ. ಲಗೂ ಬೇಕು.

ಅವ್ವ


ಹಾವೇರಿ
೧೪ ಜೂನ್ ೨೦೨೪

ಅವ್ವಾ,

ಹೊಟ್ಟೆ ಹೊಲಿಯುವುದಿಲ್ಲ.

ಡೇರೆಯ ಸೆಕೆಯಲ್ಲಿ, ದೀಪಗಳ ಕೆಳಗೆ, ಹತ್ತಿ ಕಟ್ಟಿಕೊಂಡು ಓಡಾಡಿದರೆ ನಿನ್ನ ಹೃದಯ ಏನಾಗಬೇಕು? ಇದು ಒಂದು ಕಾರಣ.

ಇನ್ನೊಂದನ್ನು ಈವರೆಗೆ ನಿನಗೆ ಹೇಳಿಲ್ಲ. ಎಂಟನೆಯ ತರಗತಿಯಲ್ಲಿದ್ದಾಗ ಅಜ್ಜಿ ನನ್ನನ್ನು ನಾವಿಬ್ಬರೂ ಇದ್ದ ಅಗಡಿಯಿಂದ ನಿಮ್ಮ ಗುತ್ತಲದ ಕ್ಯಾಂಪಿಗೆ ಕರೆತಂದಿದ್ದಳು. ಹೊರಸು ಮುರಿಯಿತು. ನೀನು ಏಳಲು ಒದ್ದಾಡುತ್ತಿದ್ದೆ. ಸುತ್ತಲಿನವರು ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರು. “ಪಾರ್ಟ್ ಅದು ಹುಚ್ಚೀ, ಖರೇ ಅಲ್ಲ” ಎಂದಳು ಅಜ್ಜಿ. ಆದರೆ ನಿನ್ನ ಮೊಣಕೈಯಲ್ಲಿ ರಕ್ತ ಬಂದದ್ದು ನನಗೆ ಕಂಡಿತು. ಮರುದಿನ ಶಾಲೆಯಲ್ಲಿ ನಾನು ಬೆಂಚಿನ ಮೇಲೆ ಕೂತಾಗಲೆಲ್ಲ ಹಿಂದಿನಿಂದ ಧಡಕ್ ಅಂದರು. ಆಮೇಲೆ ನಾನು ನಿನ್ನ ನಾಟಕಕ್ಕೆ ಬರಲಿಲ್ಲ. ನೀನೂ ಕರೆಯಲಿಲ್ಲ.

ಬೇರೆ ಯಾರ ಕೈಯಲ್ಲಾದರೂ ಹೊಲಿಸಿಕೋ ಎನ್ನುವುದಕ್ಕೂ ನನಗೆ ಮನಸ್ಸಿಲ್ಲ. ಹೊಲಿಸಿಕೊಳ್ಳಲೇಬೇಡ. ಸಣ್ಣ ಮಾಡಿದ ಎರಡು ಜಂಪರ್ ಕಳಿಸಿದ್ದೇನೆ.

ನಾಗಲಕ್ಷ್ಮಿ


ರಾಣೆಬೆನ್ನೂರು
೧೪ ಜುಲೈ ೨೦೨೪

ನಾಗೂ, ನಾಗೂ, ನಾಗೂ!

ಒಂದು ತಿಂಗಳು ನಾನು ಬರೆಯಲಿಲ್ಲ. ನಿನ್ನ ಕಾಗದವನ್ನು ಓದಿ ಏನು ಬರೆಯಬೇಕೆಂದು ತಿಳಿಯಲಿಲ್ಲ. ಈಗ ಪೆನ್ನು ನಿಲ್ಲುತ್ತಿಲ್ಲ.

ನಿನ್ನೆ ಸಂಜೆ ತಿಪ್ಪವ್ವನ ಮೊದಲ ಆಟ. ಮಾಲಕರು ಬೇರೆ ಟೇಲರ್ ಕೈಯಲ್ಲಿ ಹೊಟ್ಟೆ ಹೊಲಿಸಿ ತಂದಿದ್ದರು. ಬಣ್ಣದ ಕೋಣೆಯಲ್ಲಿ ಅದನ್ನು ಎತ್ತಿ ಎದೆಗೆ ಹಿಡಿದೆ. ಕಟ್ಟಿಕೊಳ್ಳಲು ಕೈ ಬರಲಿಲ್ಲ. ಅದನ್ನು ಕುರ್ಚಿಯ ಮೇಲಿಟ್ಟೆ. ನೀನು ಸಣ್ಣ ಮಾಡಿದ ಜಂಪರ್ ತೊಟ್ಟು ಹೊರಟೆ. ಮಾಲಕರು ಸ್ಟೇಜಿನ ಬದಿಯ ವಿಂಗಿನಲ್ಲಿ ತಲೆಯ ಮೇಲೆ ಕೈಹೊತ್ತು ನಿಂತರು.

ಕಾಲಿಟ್ಟೆ. ತಬಲಾದವನು ರೂಢಿಯಂತೆ ಧಡಕ್ ಧಡಕ್ ಅಂದ. ದಿಲಾವರ ರೂಢಿಯಂತೆ ಭೂಮಿ ನಡುಗಿತೆಂಬಂತೆ ಅಲುಗಾಡಿ ಕುಸಿದು ಕೂತ. ಒಬ್ಬರೂ ನಗಲಿಲ್ಲ. ಹಿಂದಿನಿಂದ ಯಾರೋ “ಏ, ತಿಪ್ಪವ್ವ ಎಲ್ಲಿ?” ಎಂದು ಕೂಗಿದರು. ಪಾರ್ಟಿನ ಮಾತು ಒಂದೂ ನೆನಪಿಲ್ಲ.

ತಬಲಾದವನ ಕಡೆ ತಿರುಗಿದೆ. “ಯಪ್ಪಾ, ಯಾಕ ಬಡಿಯಾಕತ್ತೀ? ಆ ತೂಕ ಇಳಿಸಿಟ್ಟು ಬಂದೇನಿ” ಅಂದೆ. ಮುಂದಿನ ಸಾಲಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಆಮೇಲೆ ಹಿಂದೆ ಕೂಗಿದವನಿಗೆ ಕೈಮುಗಿದೆ. “ಅರ್ಧಾ ತಿಪ್ಪವ್ವನ್ನ ಡಾಕ್ಟರ್ ಇಟ್ಕೊಂಡಾರಪಾ. ಉಳಿದರ್ಧಾ ನಿಮಗ ಕಳಿಸ್ಯಾರ. ಲಗೂ ನಗ್ರಿ, ನಾಳೆ ಇದನ್ನೂ ಕೇಳ್ಯಾರು!”

ಡೇರೆ ಹಾರಿಹೋಗುವಂತೆ ನಕ್ಕರು! ದಿಲಾವರ ಎದ್ದು ನಿಂತ. ಎಷ್ಟೆಂದರೂ ನನ್ನ ಸ್ಟೇಜಿನ ಗಂಡ, ಎಸೆದ ಮಾತನ್ನು ನೆಲಕ್ಕೆ ಬೀಳಲು ಬಿಡುವವನಲ್ಲ. “ಹಂಗಾರ ನಾ ಕಟ್ಕೊಂಡದ್ದು ಯಾವ ಅರ್ಧಾನ್ನ? ಅಲ್ಲಿದ್ದದ್ದನ್ನೋ, ಇಲ್ಲಿದ್ದದ್ದನ್ನೋ?” ಅಂದ.

“ಮಾತಾಡೂ ಅರ್ಧಾ ಇಲ್ಲೇ ಐತಿ ನೋಡ್ರಿ. ಹೇಳಿದ್ದು ಕೇಳೂ ಅರ್ಧಾ ಅಲ್ಲೇ ಉಳೀತು” ಅಂದೆ.

ಆಮೇಲೆ ನಿಲ್ಲಿಸುವವರೇ ಇಲ್ಲ. ಅವನು ಮಿರ್ಚಿಯ ತಾಟು ತಂದು ಮುಂದೆ ಹಿಡಿದ. ನಾನು ಒಂದನ್ನು ಎತ್ತಿ, ಕಣ್ಣು ಮುಚ್ಚಿ, ಉಸಿರು ತುಂಬ ಮೂಸಿ, ಮತ್ತೆ ತಾಟಿಗಿಟ್ಟೆ. “ತುಂಬಿತ್ರಿ ಹೊಟ್ಟಿ. ವಾಸನಾಕ್ಕ ಉಪ್ಪು ಇರಂಗಿಲ್ಲ” ಅಂದೆ. ಹೆಣ್ಣುಮಕ್ಕಳ ಸಾಲಿನಲ್ಲಿ ಒಬ್ಬಾಕೆ ನಕ್ಕು ನಕ್ಕು ಪಕ್ಕದವಳ ಮೇಲೆ ಬಿದ್ದಳು. ಹೊರಸಿನ ಮೇಲೆ ಕೂತೆ. ಅದು ಮುರಿಯಲಿಲ್ಲ! ನಾವಿಬ್ಬರೂ ಅದನ್ನು ಬಗ್ಗಿ ಬಗ್ಗಿ ನೋಡಿದೆವು. ಅದಕ್ಕೂ ನಕ್ಕರು.

ನಾಗೂ, ಅವರು ನನ್ನ ಮಾತಿಗೆ ನಕ್ಕರು. ನನ್ನ ಮಾತಿಗೆ! ಇಷ್ಟು ವರ್ಷ ನನ್ನ ಮೈ ಮುಂದೆ ಹೋಗುತ್ತಿತ್ತು, ನಾನು ಅದರ ಹಿಂದೆ ಹೋಗುತ್ತಿದ್ದೆ. ಆಟ ಮುಗಿದ ಮೇಲೆ ನಾಲ್ಕಾರು ಹೆಣ್ಣುಮಕ್ಕಳು ಬಣ್ಣದ ಕೋಣೆಗೇ ಬಂದು, “ಯಕ್ಕಾ, ಖರೇ ಏನ್ ಉಣ್ತೀರಿ ಹೇಳ್ರಿ, ನಮ್ಮ ಮನ್ಯಾಗೂ ಹಾರ್ಟಿನವ್ರು ಅದಾರ” ಎಂದು ಸುತ್ತುವರಿದರು. ನಾನು ಅಮೀರಬಿಯನ್ನು ಮುಂದೆ ತಳ್ಳಿದೆ. ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬೆಳ್ಳುಳ್ಳಿಯ ಮಹಿಮೆ ಹೇಳಿದ್ದೇ ಹೇಳಿದ್ದು. ಮಾಲಕರು ಬಂದು ಹತ್ತಿಯ ಹೊಟ್ಟೆಯನ್ನು ಎತ್ತಿಕೊಂಡು, “ಇದು ನನ್ನ ತಲಿದಿಂಬಿಗೆ ಆತು ಬಿಡ್ರಿ” ಅಂದರು.

ಗುತ್ತಲದ ಮಾತು ಬರೆದಿದ್ದೀಯಲ್ಲ. ಅವತ್ತು ಪರದೆ ಬಿದ್ದ ಮೇಲೆ ನಿನ್ನನ್ನು ಹುಡುಕಿಕೊಂಡು ಹೊರಗೆ ಬಂದಿದ್ದೆ. ಅಜ್ಜಿ ನಿನ್ನನ್ನು ಕರೆದುಕೊಂಡು ಹೋಗಿಯಾಗಿತ್ತು. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬಾರದು.

ಅವ್ವ


ರಾಣೆಬೆನ್ನೂರು
೨೦ ಅಕ್ಟೋಬರ್ ೨೦೨೪

ನಾಗೂ,

ನಿನ್ನೆ ಹುಬ್ಬಳ್ಳಿಗೆ ಹೋಗಿ ಮತ್ತೆ ಹೃದಯದ ಎಕೋ ಪರೀಕ್ಷೆ ಮಾಡಿಸಿದೆ. ಡಾಕ್ಟರಮ್ಮ ಪರದೆಯನ್ನು ಬಹಳ ಹೊತ್ತು ನೋಡಿದಳು. ನಾನು ಇದ್ದಬದ್ದ ದೇವರನ್ನೆಲ್ಲ ಕರೆದೆ. “ಪಂಪಿಂಗ್ ಸುಧಾರಿಸೇತ್ರಿ. ಪೂರಾ ಆಗಿಲ್ಲ, ಗುಳಿಗಿ ಬಿಡೂ ಹಂಗಿಲ್ಲ. ಆದ್ರ ಭಾಳ ಚಲೋ ಆಗೇತಿ” ಅಂದಳು. ಮೈಯೂ ಎಂಬತ್ತೊಂಬತ್ತಕ್ಕೆ ಬಂದು ನಿಂತಿದೆ. ಇನ್ನೂ ಹೆಂಗಸು ದಪ್ಪವೇ, ಆದರೆ ಮೆಟ್ಟಿಲು ಹತ್ತುತ್ತಾಳೆ!

ಕಂಪನಿ ಮುಂದಿ‌ನ ತಿಂಗಳು ಹಾವೇರಿಗೆ ಬರುತ್ತದೆ. ನಿನ್ನ ಮದುವೆಯಾದ ವರ್ಷ ನೀನು ಬೇಡವೆಂದು ಕೇಳಿಕೊಂಡದ್ದಕ್ಕೆ ಹಾವೇರಿ ಕ್ಯಾಂಪಿನಲ್ಲಿ ನಾನು ಸ್ಟೇಜು ಹತ್ತಿರಲಿಲ್ಲ. ಈ ಸಲವೂ ಹಾಗೇ ಮಾಡಬೇಕೆಂದರೆ ಹೇಳು. ಮಾಲಕರಿಗೆ ಆರೋಗ್ಯದ ನೆಪ ಹೇಳುವುದು ಈಗ ಸುಲಭ.

ಅವ್ವ


ಹಾವೇರಿ
೧೭ ನವೆಂಬರ್ ೨೦೨೪

ಅವ್ವಾ,

ನಿನ್ನ ಹೋದ ತಿಂಗಳ ಕಾಗದಕ್ಕೆ ನಾನು ಬರೀ ಹೊಸ ಖಣದ ಜಂಪರ್ ಕಳಿಸಿದೆ, ಉತ್ತರ ಬರೆಯಲಿಲ್ಲ. ಬರೆಯಲು ಕೂತರೆ ಅಳು ಬರುತ್ತಿತ್ತು, ಬಟ್ಟೆಯ ಮೇಲೆ ಬಿದ್ದರೆ ಕಲೆಯಾಗುತ್ತದೆ. ನಿನ್ನೆ ಸಂಜೆ ಅದನ್ನು ತೊಟ್ಟುಕೊಂಡು ನೀನು ಬೆಳಕಿಗೆ ಬಂದೆ. ಎಡಗಡೆ ತೋಳಿನ ಅಂಚು ತುಸು ಸಡಿಲ ಬಿಟ್ಟಿದ್ದೇನೆ ಎಂದು ಆಗ ಗೊತ್ತಾಯಿತು. ಇವತ್ತು ಸರಿ ಮಾಡಿಕೊಡುತ್ತೇನೆ.

ಹೌದು, ಬಂದಿದ್ದೆ. ಅತ್ತೆಯೂ ಬಂದಿದ್ದರು. ನಾನು ಹೆದರುತ್ತಾ ಕೇಳಿದ್ದಕ್ಕೆ, “ಅಷ್ಟ್ ದೊಡ್ಡ ಪೋಸ್ಟರ್ ಹಚ್ಯಾರ, ನಮ್ಮ ಬೀಗತಿ ಅಂತ ನಾ ಓಣಿಗೆಲ್ಲಾ ಹೇಳಿ ಆಗೇತಿ. ನೀ ಯಾವಾಗ ಕರಕೊಂಡು ಹೋಗ್ತೀ ಅಂತ ಕಾಯಾಕತ್ತಿದ್ದೆ” ಅಂದರು. ಇಷ್ಟು ವರ್ಷ ನಾನು ಯಾರಿಗೆ ಅಂಜಿದ್ದೆನೋ ತಿಳಿಯದು.

ದಿಲಾವರ ಮಾಮಾ “ಯಾವ ಅರ್ಧಾನ್ನ?” ಎಂದು ಕೇಳಿದಾಗ ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ಉತ್ತರ ಕೊಡುವ ಮೊದಲು ಒಂದು ಕ್ಷಣ ಸುಮ್ಮನೆ ನಿಂತೆ. ಇಡೀ ಡೇರೆ ಕಾಯಿತು. ಅದನ್ನು ಹೇಗೆ ಮಾಡುತ್ತೀ ಅವ್ವಾ? ನೀನು ಬಾಯಿ ತೆರೆಯುವುದಕ್ಕೂ ಮೊದಲು ನನಗೆ ನಗು ಬಂದುಬಿಟ್ಟಿತು. ಅಂಥ ದೊಡ್ಡ ನಗು ನನ್ನೊಳಗೆ ಇತ್ತೆಂದು ನಿನ್ನ ಅಳಿಯ ಚನ್ನೇಶರಿಗೂ ಗೊತ್ತಿರಲಿಲ್ಲ, ತಿರುಗಿ ನೋಡಿದರು. ಮಿರ್ಚಿ ಮೂಸುವಾಗ ನನಗೂ ಅತ್ತೆಗೂ ಹೊಟ್ಟೆ ಹಿಡಿದುಕೊಳ್ಳುವಂತಾಯಿತು.

ಮುಂದಿನ ಸಾಲಿನಲ್ಲಿ ಕುಪ್ಪೇಲೂರಿನಿಂದ ಬಂದ ಒಬ್ಬ ಹೆಣ್ಣುಮಗಳು ಕೂತಿದ್ದಳು. ನಿನ್ನ ಆಟವನ್ನು ರಾಣೆಬೆನ್ನೂರಿನಲ್ಲಿ ನೋಡಿ, ಮತ್ತೆ ನೋಡಲು ಬಸ್ಸು ಹತ್ತಿ ಬಂದವಳಂತೆ. ಆಕೆ ನನ್ನ ಕಡೆ ತಿರುಗಿ, “ಏ ತಂಗಿ, ಸ್ವಲ್ಪ ಸಾವಕಾಶ ನಗವಾ. ಆಕಿ ಮಾತು ಕೇಳವಲ್ದು” ಎಂದು ಗದರಿದಳು.

ನೀನು ಯಾರೆಂದು ನಾನು ಆಕೆಗೆ ಹೇಳಲಿಲ್ಲ. ಹೇಳುವುದಕ್ಕೆ ನಗು ನಿಲ್ಲಬೇಕಲ್ಲ!

ಮಧ್ಯಾಹ್ನ ಎಲ್ಲರೂ ಊಟಕ್ಕೆ ಬನ್ನಿ. ಅಂಗಡಿ ಬಂದ್ ಮಾಡಿದ್ದೇನೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಾರೆ. ಪಲ್ಯಕ್ಕೆ ಬೆಳ್ಳುಳ್ಳಿ ಎಷ್ಟು ಹಾಕಬೇಕೆಂದು ಅಮೀರಬಿ ಚಿಗವ್ವನೇ ಬಂದು ಹೇಳಬೇಕು. ಕಾಗದವನ್ನು ಚನ್ನೇಶರ ಕೈಯಲ್ಲೇ ಕಳಿಸುತ್ತಿದ್ದೇನೆ, ಅವರ ಗಾಡಿಯ ಮೇಲೆ ಹತ್ತಿ ನೀನು ಈಗಲೇ ಬಾ.

ಸಂಜೆಯ ಆಟಕ್ಕೆ ಮತ್ತೆ ಬರುತ್ತೇನೆ. ಆ ಹೆಣ್ಣುಮಗಳು ಎಲ್ಲಿಯಾದರೂ ಕೂತಿರಲಿ, ನಾನು ಆಕೆಗಿಂತ ಮುಂದೆ ಕೂಡುತ್ತೇನೆ.

ನಿನ್ನ ಮಗಳು,
ನಾಗೂ